ಇಎಸ್‌ಪಿ-01ಗೆ ಪ್ರೋಗ್ರಾಂ ಹೋಗ್ತಾನೇ ಇಲ್ಲ, ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ತೊಂದ್ರೆನಾ?

ಶಿಡ್ಲಘಟ್ಟ ರೇಷ್ಮೆ
ಎಲ್ಲರಿಗೂ ನಮಸ್ಕಾರ. ನಮ್ದು ಶಿಡ್ಲಘಟ್ಟದ ಹತ್ರ ಹಳ್ಳಿ, ಮನೇಲಿ ರೇಷ್ಮೆ ಹುಳ ಸಾಕ್ತೀವಿ. ನಾಲ್ಕನೇ ಜ್ವರದಿಂದ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಹುಳಕ್ಕೆ 24 ಡಿಗ್ರಿ ಆಸುಪಾಸು ಇರ್ಬೇಕು, ತೇವಾಂಶ 70 ದಾಟಬಾರ್ದು, ಅದಕ್ಕೇ ಅಪ್ಪ ರಾತ್ರಿಯೆಲ್ಲ ಎದ್ದೆದ್ದು ಹುಳು ಮನೆಗೆ ಹೋಗಿ ಗೋಡೆ ಮೇಲಿನ ಮೀಟರ್ ನೋಡ್ಕಂಡು ಬರ್ತಾರೆ. ಅದು ಫೋನಲ್ಲೇ ಕಾಣೋ ಹಾಗೆ ಮಾಡೋಣ ಅಂತ ಇಎಸ್‌ಪಿ-01 ಅನ್ನೋ ಪುಟ್ಟ ವೈಫೈ ಬೋರ್ಡು, ಬಿಸಿ ಮತ್ತು ತೇವಾಂಶ ಅಳೆಯೋ ಡಿಎಚ್‌ಟಿ22 ಸೆನ್ಸರ್, ಆಮೇಲೆ ಲ್ಯಾಪ್‌ಟಾಪಿಂದ ಅದಕ್ಕೆ ಪ್ರೋಗ್ರಾಂ ಕಳ್ಸೋಕೆ ಎಫ್‌ಟಿ232 ಚಿಪ್ ಇರೋ ಕೆಂಪು ಬಣ್ಣದ ಯುಎಸ್‌ಬಿ ಸೀರಿಯಲ್ ಬೋರ್ಡು (ಅಡಾಪ್ಟರ್) ತಂದಿದೀನಿ.

ಬೋರ್ಡಿನ ಜಂಪರ್ 3.3 ವೋಲ್ಟಲ್ಲಿ ಇಟ್ಟು ಅದರ ವಿಸಿಸಿ (ಪವರ್) ಪಿನ್ನಿಂದಾನೇ ಇಎಸ್‌ಪಿಗೆ ಪವರ್ ಕೊಟ್ಟಿದೀನಿ. ಅಪ್‌ಲೋಡ್ ಒತ್ತಿದ್ರೆ ಸುಮಾರು ಹೊತ್ತು ಚುಕ್ಕಿ ಚುಕ್ಕಿ ಬಂದು ಕೊನೆಗೆ "ಟೈಮ್ಡ್ ಔಟ್ ವೇಟಿಂಗ್ ಫಾರ್ ಪ್ಯಾಕೆಟ್ ಹೆಡರ್" ಅನ್ನುತ್ತೆ. ನೀಲಿ ಲೈಟ್ ಒಂದ್ಸಲ ಮಿನುಗಿ ಮಂಕಾಗುತ್ತೆ. ಸೀರಿಯಲ್ ಮಾನಿಟರ್ (ಚಿಪ್ ಕಳ್ಸೋ ಅಕ್ಷರ ತೋರ್ಸೋ ಕಿಟಕಿ) ತೆಗೆದ್ರೆ 115200 ಸ್ಪೀಡಲ್ಲಿ ಬರೀ ಕಸ ಅಕ್ಷರ. ಫ್ರೆಂಡ್ ಹತ್ರ ಸಿಎಚ್340 ಚಿಪ್ ಇರೋ ಇನ್ನೊಂದು ಅಡಾಪ್ಟರ್ ಇಸ್ಕೊಂಡೆ, ಅದಂತೂ ನನ್ನ ಉಬುಂಟು 22.04 ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಒಂದ್ ಕ್ಷಣ ಕಂಡು ಮಾಯ. ಎಲ್ಲಿಂದ ಶುರು ಮಾಡ್ಲಿ, ಯಾರಾದ್ರೂ ಹೇಳಿ ಪ್ಲೀಸ್.

ಚಿಂತಾಮಣಿ ಸರ್ಕ್ಯೂಟ್
ತಮ್ಮಾ, ಒಳ್ಳೆ ಕೆಲಸಕ್ಕೇ ಕೈ ಹಾಕಿದೀಯ, ಬಿಡ್ಬೇಡ. ಮೊದ್ಲು ಇಎಸ್‌ಪಿ ಪೂರ್ತಿ ಬಿಚ್ಚಿ ಪಕ್ಕಕ್ಕಿಡು. ಅಡಾಪ್ಟರ್ ಒಂದನ್ನೇ ಲ್ಯಾಪ್‌ಟಾಪಿಗೆ ಹಾಕಿ ಅದರ ಟಿಎಕ್ಸ್ (ಕಳ್ಸೋದು) ಆರ್‌ಎಕ್ಸ್ (ತಗೊಳೋದು) ಎರಡು ಪಿನ್ನಿಗೂ ಒಂದು ಜಂಪರ್ ವೈರ್ ಹಾಕಿ ಸೇರಿಸು, ಸೀರಿಯಲ್ ಮಾನಿಟರಲ್ಲಿ ಏನಾದ್ರೂ ಟೈಪ್ ಮಾಡಿ ಕಳ್ಸು. ಕಳ್ಸಿದ್ದು ವಾಪಸ್ ಬಂತು ಅಂದ್ರೆ ಅಡಾಪ್ಟರ್, ಕೇಬಲ್, ಡ್ರೈವರ್ ಮೂರೂ ಸರಿ ಇದೆ ಅಂತ, ಅವುಗಳ ಮೇಲೆ ಅನುಮಾನ ಪಡೋದು ಅಲ್ಲಿಗೆ ನಿಲ್ಸು. ವೈರ್ ತೆಗೆದ ಮೇಲೆ ಬರೋದೂ ನಿಲ್ಬೇಕು, ಅದನ್ನೂ ನೋಡ್ಕೋ.

ನನಗೆ ಅನ್ಸೋದು ನಿನ್ ತೊಂದ್ರೆ ಪವರ್‌ದು. ಆ ಕೆಂಪು ಬೋರ್ಡಲ್ಲಿ 3.3 ವೋಲ್ಟ್ ಬರೋದು ಎಫ್‌ಟಿ232 ಚಿಪ್ಪಿನ ಒಳಗಿರೋ ಪುಟ್ಟ ರೆಗ್ಯುಲೇಟರಿಂದ, ಅದು ಕೊಡೋದೇ 50 ಮಿಲಿಆಂಪ್. ಇಎಸ್‌ಪಿ ವೈಫೈ ಆನ್ ಆದ ಗಳಿಗೆಲಿ 300ರ ಹತ್ರ ಎಳೆಯುತ್ತೆ. ಅರ್ಧ ಇಂಚು ಡ್ರಿಪ್ ಪೈಪಿಗೆ ಇಡೀ ತೋಟದ ಗೇಟ್‌ವಾಲ್ವ್ ತೆಗೆದಂಗೆ, ವೋಲ್ಟೇಜ್ ಕುಸಿದು ಚಿಪ್ ಮತ್ತೆ ಮತ್ತೆ ರೀಸೆಟ್ ಆಗ್ತಾ ಇರ್ತದೆ. ನೀಲಿ ಲೈಟ್ ಮಂಕಾಗೋದು ಅದಕ್ಕೇ ಇರ್ಬೇಕು.

ಎಎಂಎಸ್1117 3.3 ವೋಲ್ಟ್ ರೆಗ್ಯುಲೇಟರ್ ಮಾಡ್ಯೂಲ್ ಒಂದು ತಗೋ, ಹಳೇ ಮೊಬೈಲ್ ಚಾರ್ಜರಿಂದ ಅದಕ್ಕೆ 5 ವೋಲ್ಟ್ ಕೊಡು, ಅದರ ಔಟ್‌ಪುಟ್ ಇಎಸ್‌ಪಿ ವಿಸಿಸಿ ಮತ್ತು ಸಿಎಚ್‌ಪಿಡಿ (ಚಿಪ್ ಆನ್ ಮಾಡೋ ಪಿನ್) ಎರಡಕ್ಕೂ ಹಾಕು, ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು. ಅಡಾಪ್ಟರಿನ ವಿಸಿಸಿ ಪಿನ್ ಎಲ್ಲಿಗೂ ಬೇಡ, ಟಿಎಕ್ಸ್, ಆರ್‌ಎಕ್ಸ್, ಗ್ರೌಂಡ್ ಮೂರೇ ಸಾಕು. ಗ್ರೌಂಡ್ ಮಾತ್ರ ಅಡಾಪ್ಟರ್, ಇಎಸ್‌ಪಿ, ರೆಗ್ಯುಲೇಟರ್ ಎಲ್ಲದಕ್ಕೂ ಒಂದೇ ಆಗಿರ್ಬೇಕು, ಇಲ್ಲಾಂದ್ರೆ ಮಿಕ್ಕಿದ್ದೆಲ್ಲ ಸರಿ ಇದ್ರೂ ಕಸಾನೇ ಬರೋದು. ಅಡಾಪ್ಟರಿನ ಜಂಪರ್ ಯಾವ ಕಾರಣಕ್ಕೂ 5 ವೋಲ್ಟಿಗೆ ಹಾಕ್ಬೇಡ, ಆಗ ಟಿಎಕ್ಸ್ ಲೈನಲ್ಲೂ 5 ವೋಲ್ಟ್ ಬತ್ತದೆ, ಇಎಸ್‌ಪಿ 3.3ರ ಚಿಪ್ಪು.

ಕೋಲಾರ ಪೆಂಗ್ವಿನ್
ಸಿಎಚ್340 ಮಾಯ ಆಗೋದಕ್ಕೆ ಉತ್ತರ ನನ್ನತ್ರ ಇದೆ ಬ್ರೋ. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಅಂತ ಒಂದು ಸರ್ವಿಸ್ ಇರುತ್ತೆ, ಕಣ್ಣು ಕಾಣದವರ ಬ್ರೈಲ್ ಡಿಸ್‌ಪ್ಲೇಗೆ ಅಂತ ಮಾಡಿರೋದು. ಕೆಲವು ಬ್ರೈಲ್ ಡಿವೈಸ್‌ಗಳ ಐಡಿ ಮತ್ತು ಸಿಎಚ್340 ಐಡಿ ಒಂದೇ ಆಗಿರೋದ್ರಿಂದ ಅದು ನಮ್ಮ ಅಡಾಪ್ಟರನ್ನ ತನ್ನದು ಅಂದ್ಕೊಂಡು ಹಿಡ್ಕೊಂಡ್ಬಿಡುತ್ತೆ. ಟರ್ಮಿನಲಲ್ಲಿ ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ಸಿಸ್ಟಮ್ ಲಾಗ್ ನೋಡಿದ್ರೆ ಆ ಹೆಸರು ಕಾಣುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಬ್ರೈಲ್ ಯಾರೂ ಬಳಸಲ್ಲ ಅಂದ್ರೆ ಆ ಪ್ಯಾಕೇಜ್ ತೆಗೆದುಹಾಕಿ, ಅಷ್ಟೇ. ಬಳಸೋರು ಇದ್ರೆ ಮಾತ್ರ ತೆಗೀಬೇಡಿ, ಯಾವ ಡಿವೈಸ್ ಬಂದ್ರೆ ಏನು ಮಾಡ್ಬೇಕು ಅಂತ ಬರೆದಿರೋ ಯುಡೆವ್ ರೂಲ್ಸ್ ಫೈಲಲ್ಲಿ ಆ ಐಡಿ ಇರೋ ಸಾಲೊಂದನ್ನೇ ಮುಂದೆ # ಹಾಕಿ ಕಾಮೆಂಟ್ ಮಾಡಿ. ಪರ್ಮಿಷನ್ ಎರರ್ ಬಂದ್ರೆ ನಿಮ್ಮ ಯೂಸರನ್ನ ಸೀರಿಯಲ್ ಪೋರ್ಟ್ ಬಳಸೋಕೆ ಅನುಮತಿ ಇರೋ ಡಯಲ್‌ಔಟ್ ಗ್ರೂಪಿಗೆ ಸೇರಿಸಿ ಒಂದ್ಸಲ ಲಾಗ್‌ಔಟ್ ಆಗಿ ಬನ್ನಿ.

ಬಾಗೇಪಲ್ಲಿ ಲ್ಯಾಬ್
ಇಷ್ಟೆಲ್ಲ ಯಾಕೆ, ನೋಡ್‌ಎಂಸಿಯು ಬೋರ್ಡ್ ತಗೊಂಡ್ರೆ ಸಿಪಿ2102 ಇಲ್ಲಾ ಸಿಎಚ್340 ಯುಎಸ್‌ಬಿ ಸೀರಿಯಲ್ ಚಿಪ್ ಅದರ ಮೇಲೇ ಇರುತ್ತೆ, ಯುಎಸ್‌ಬಿ ಕೇಬಲ್ ಹಾಕಿದ್ರೆ ಕೆಲಸ ಮುಗೀತು.

ಚಿಂತಾಮಣಿ ಸರ್ಕ್ಯೂಟ್
ಮೇಡಂ ಹೇಳೋದು ಸರಿನೇ, ಹೊಸದಾಗಿ ತಗೊಳೋರಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಈ ಹುಡುಗ ಆಗಲೇ ಅಡಾಪ್ಟರ್ ತಂದಿದಾನೆ, ಅದನ್ನ ಪಳಗಿಸಿಕೊಂಡ್ರೆ ನಾಳೆ ಆರ್ಡುಯಿನೊ ಪ್ರೊ ಮಿನಿ ಬೋರ್ಡ್ ಆಗ್ಲಿ, ಜಿಪಿಎಸ್ ಮಾಡ್ಯೂಲ್ ಆಗ್ಲಿ, ಹಳೇ ರೂಟರಿನ ಕನ್ಸೋಲ್ ಆಗ್ಲಿ ಎಲ್ಲದಕ್ಕೂ ಕೈಗೆ ಬತ್ತದೆ. ಒಂದೇ ಒಂದು ಎಚ್ಚರ: ಹಳೇ ಮಷಿನ್ ಹಿಂದೆ ಇರೋ 9 ಪಿನ್ನಿನ ಆರ್‌ಎಸ್232 ಪೋರ್ಟಿಗೆ ಇದನ್ನ ನೇರವಾಗಿ ಹಾಕಂಗಿಲ್ಲ. ಅಲ್ಲಿ ಪ್ಲಸ್ಸು ಮೈನಸ್ಸು ಎರಡೂ ಕಡೆ 5ರಿಂದ 15 ವೋಲ್ಟ್ ತನಕ ಆಡ್ತದೆ, ಅಡಾಪ್ಟರ್ ಸುಟ್ಟುಹೋಗ್ತದೆ. ಮಧ್ಯ ವೋಲ್ಟೇಜ್ ಹೊಂದಿಸೋ ಮ್ಯಾಕ್ಸ್3232 ಚಿಪ್ ಬೇಕೇಬೇಕು.

ಶಿಡ್ಲಘಟ್ಟ ರೇಷ್ಮೆ
ಅಣ್ಣ, ಲೂಪ್ ಮಾಡಿ ನೋಡಿದೆ, ಟೈಪ್ ಮಾಡಿದ್ದೆಲ್ಲ ವಾಪಸ್ ಬಂತು. ರೆಗ್ಯುಲೇಟರ್ ಹಾಕಿದ ಮೇಲೆ ನೀಲಿ ಲೈಟ್ ಮಂಕಾಗೋದೂ ನಿಂತಿದೆ. ಸಿಎಚ್340ನೂ ಈಗ ನಿಲ್ತಾ ಇದೆ, ಪೆಂಗ್ವಿನ್ ಬ್ರೋ ಥ್ಯಾಂಕ್ಸ್. ಆದ್ರೂ 115200ರಲ್ಲಿ ಆನ್ ಆದ ತಕ್ಷಣ ಒಂದೆರಡು ಸಾಲು ಕಸ ಬರುತ್ತೆ, ಅಪ್‌ಲೋಡ್ ಇನ್ನೂ ಆಗ್ತಿಲ್ಲ.

ಬಾಗೇಪಲ್ಲಿ ಲ್ಯಾಬ್
ಅದು ಕಸ ಅಲ್ಲಪ್ಪ, ಸ್ಪೀಡ್ ಬೇರೆ. ನಿಮ್ಮ ಇಎಸ್‌ಪಿ-01 ಮೇಲಿರೋ ಇಎಸ್‌ಪಿ8266 ಚಿಪ್ ಆನ್ ಆಗುವಾಗಿನ ಮೆಸೇಜು 74880 ಬಾಡ್‌ನಲ್ಲಿ ಬರುತ್ತೆ. ಮಾನಿಟರನ್ನ 74880ಗೆ ಇಟ್ಟು ನೋಡಿ, ಬೂಟ್ ಮೋಡ್ ಅಂತ ಒಂದು ಸಾಲು ಓದೋಕೆ ಸಿಗುತ್ತೆ. ಬ್ರಾಕೆಟ್ಟಲ್ಲಿ ಮೊದಲನೇ ಅಂಕಿ 3 ಇದ್ರೆ ಚಿಪ್ ಒಳಗಿರೋ ಹಳೇ ಪ್ರೋಗ್ರಾಮನ್ನೇ ಓಡಿಸೋಕೆ ಹೋಗ್ತಿದೆ, 1 ಇದ್ರೆ ಹೊಸದು ತಗೊಳೋಕೆ ರೆಡಿ ಇದೆ. 1 ಬರ್ಬೇಕಂದ್ರೆ ಜಿಪಿಐಓ0 ಪಿನ್ನನ್ನ ಗ್ರೌಂಡಿಗೆ ಹಾಕಿರೋವಾಗ್ಲೇ ರೀಸೆಟ್ ಪಿನ್ ಒಂದ್ಸಲ ಗ್ರೌಂಡಿಗೆ ಮುಟ್ಟಿಸಿ ಬಿಡಿ. ಆನ್ ಆದ ಮೇಲೆ ಜಿಪಿಐಓ0 ಹಾಕಿದ್ರೆ ಏನೂ ಪ್ರಯೋಜನ ಇಲ್ಲ, ಚಿಪ್ ಅದನ್ನ ನೋಡೋದು ಶುರುವಾಗೋ ಹೊತ್ತಲ್ಲಿ ಮಾತ್ರ.

ಶಿಡ್ಲಘಟ್ಟ ರೇಷ್ಮೆ
ಮೇಡಂ 1 ಬಂತು!! ಅಪ್‌ಲೋಡ್ ನೂರು ಪರ್ಸೆಂಟ್ ಆಯ್ತು, ತುಂಬಾ ತುಂಬಾ ಥ್ಯಾಂಕ್ಸ್. ಇನ್ನು ಸೆನ್ಸರ್ ಹಾಕೋದೊಂದೇ.

ಚಿಂತಾಮಣಿ ಸರ್ಕ್ಯೂಟ್
ಭೇಷ್. ಈಗ ಜಿಪಿಐಓ0 ಗ್ರೌಂಡಿಂದ ಬಿಡಿಸಿ ರೀಸೆಟ್ ಮಾಡು. ಸೆನ್ಸರಿನ ಡೇಟಾ ವೈರ್ ಜಿಪಿಐಓ2ಗೆ, ಅಲ್ಲಿಂದ 3.3ಕ್ಕೆ ಒಂದು 10ಕೆ ರೆಸಿಸ್ಟರ್, ಯಾಕಂದ್ರೆ ಶುರುವಾಗುವಾಗ ಆ ಪಿನ್ ಹೈ (3.3 ವೋಲ್ಟ್ ಕಡೆ) ಇರ್ಲೇಬೇಕು. ಸೆನ್ಸರನ್ನ ತಟ್ಟೆಗೆ ತೀರಾ ಹತ್ರ ಕಟ್ಬೇಡ, ಹುಳಕ್ಕೆ ಸುಣ್ಣ ಉದುರಿಸ್ತೀರಲ್ಲ ಅದರ ಪುಡಿ ತೂತಲ್ಲಿ ಕೂತ್ರೆ ತೇವಾಂಶ ತಪ್ಪು ತೋರ್ಸುತ್ತೆ. ಬೆಳೆ ಮುಗಿದ ಮೇಲೆ ಮನೆ ತೊಳೆದು ಬ್ಲೀಚಿಂಗ್ ಹೊಡೀತೀರಲ್ಲ, ಆಗ ಬಿಚ್ಚಿ ಹೊರಗೆ ಇಟ್ಬಿಡು.