ಕಾಲೇಜು ಕ್ವಾರ್ಟರ್‌ಬ್ಯಾಕ್ ವೃತ್ತಿಪರ ಲೀಗ್‌ನಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂದು ಮೊದಲೇ ಗುರುತಿಸುವುದು ಹೇಗೆ?

ಪ್ರಶ್ನೆ: ಕೊಲಂಬಸ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಮೊದಲೆರಡು ವರ್ಷ ಅಮೆರಿಕನ್ ಫುಟ್‌ಬಾಲ್ ನನಗೆ ಬರಿಯ ನೂಕುನುಗ್ಗಲಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಶನಿವಾರಗಳಂದು ಜೊತೆಯಲ್ಲಿ ಕೂರಿಸಿಕೊಂಡು ಒಂದೊಂದೇ ನಿಯಮವನ್ನು ತಿಳಿಸಿಕೊಟ್ಟ ಮೇಲೆ ಅದರೊಳಗಿನ ಲೆಕ್ಕಾಚಾರ ಅರ್ಥವಾಗತೊಡಗಿತು. ಈಗ ಇಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ.

ನನ್ನನ್ನು ಕಾಡುತ್ತಿರುವ ವಿಷಯ ಇದು. 2019ರಲ್ಲಿ ಕ್ವಾರ್ಟರ್‌ಬ್ಯಾಕ್ (ತಂಡದ ಆಕ್ರಮಣವನ್ನು ನಡೆಸಿ ಪಾಸ್ ಎಸೆಯುವ ಆಟಗಾರ) ಜಸ್ಟಿನ್ ಫೀಲ್ಡ್ಸ್ ಇಲ್ಲಿ 41 ಟಚ್‌ಡೌನ್ ಪಾಸ್‌ಗಳನ್ನು (ನೇರವಾಗಿ ಅಂಕ ತರುವ ಎಸೆತಗಳು) ಎಸೆದರು, ಕೊಟ್ಟ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಮೂರೇ ಮೂರು. 2021ರ ಜನವರಿ 1ರಂದು ಕ್ಲೆಮ್ಸನ್ ವಿರುದ್ಧದ ಶುಗರ್ ಬೌಲ್ ಪಂದ್ಯದಲ್ಲಿ ಪಕ್ಕೆಗೆ ಬಲವಾದ ಏಟು ಬಿದ್ದ ಮೇಲೂ ಅಂಗಳ ಬಿಡದೆ ಒಟ್ಟು ಆರು ಟಚ್‌ಡೌನ್ ಪಾಸ್ ಎಸೆದದ್ದನ್ನು ಕಂಡು, ಇವರು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹದಿನೈದು ವರ್ಷ ಮೆರೆಯುತ್ತಾರೆಂದು ನಾನು ನಂಬಿಬಿಟ್ಟಿದ್ದೆ. ಷಿಕಾಗೊ ಬೇರ್ಸ್ ತಂಡ ಅವರನ್ನು ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸುತ್ತುಸುತ್ತಾಗಿ, ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) 11ನೆಯ ಆಯ್ಕೆಯಾಗಿ ಸೇರಿಸಿಕೊಂಡಿತು; ಮೂರೇ ಋತುಗಳ ನಂತರ ಆರನೆಯ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಪಿಟ್ಸ್‌ಬರ್ಗ್‌ಗೆ ಬಿಟ್ಟುಕೊಟ್ಟಿತು. ಅವರ ಬಳಿಕ ಬಂದ ಸಿ. ಜೆ. ಸ್ಟ್ರೌಡ್ ಕೂಡ ಅದೇ ತರಬೇತುದಾರ ರಯಾನ್ ಡೇ ಅವರ ಕೈಕೆಳಗೆ, ಅದೇ ಅಂಗಳದಲ್ಲಿ, ಅಷ್ಟೇ ಪ್ರತಿಭಾವಂತ ರಿಸೀವರ್‌ಗಳಿಗೆ (ಪಾಸ್ ಹಿಡಿಯುವವರಿಗೆ) ಚೆಂಡು ಎಸೆದವರು. 2023ರ ಡ್ರಾಫ್ಟಿಗೆ ಮುನ್ನ, ತೀರ್ಮಾನದ ವೇಗವನ್ನು ಅಳೆಯುವ ಪರೀಕ್ಷೆಯೊಂದರಲ್ಲಿ ಅವರ ಅಂಕ ತೀರಾ ಕಡಿಮೆಯೆಂಬ ಸುದ್ದಿ ಸೋರಿ ಅನೇಕರು ಅನುಮಾನಪಟ್ಟರು. ಹ್ಯೂಸ್ಟನ್ ಟೆಕ್ಸನ್ಸ್ ತಂಡ ಅವರನ್ನು 2ನೆಯ ಆಯ್ಕೆಯಾಗಿ ತೆಗೆದುಕೊಂಡಿತು, ಮೊದಲ ಋತುವಿನಲ್ಲೇ ಅವರು 4,108 ಯಾರ್ಡ್ ಎಸೆದು, 23 ಟಚ್‌ಡೌನ್‌ಗಳಿಗೆ 5 ಇಂಟರ್‌ಸೆಪ್ಷನ್ ಮಾತ್ರ ಕೊಟ್ಟು, ಆಕ್ರಮಣ ವಿಭಾಗದ ವರ್ಷದ ಹೊಸ ಆಟಗಾರ ಎನಿಸಿಕೊಂಡರು.

ರಣಜಿಯಲ್ಲಿ ರನ್ ಗುಡ್ಡೆ ಹಾಕಿದವರೆಲ್ಲ ಟೆಸ್ಟ್ ಪಂದ್ಯದಲ್ಲಿ ನಿಲ್ಲುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೆ ಅಲ್ಲಿ ಎದೆಮಟ್ಟಕ್ಕೆ ಏರಿಬರುವ ಚೆಂಡಿಗೆ ಬ್ಯಾಟರ್ ಹೇಗೆ ನಿಲ್ಲುತ್ತಾನೆಂದು ನೋಡಬೇಕೆಂಬ ಅಂದಾಜಾದರೂ ನಮಗಿರುತ್ತದೆ. ಇಲ್ಲಿ ಏನನ್ನು ನೋಡಬೇಕು? ಫೀಲ್ಡ್ಸ್ ಮತ್ತು ಸ್ಟ್ರೌಡ್ ನಡುವಿನ ವ್ಯತ್ಯಾಸ ಕಾಲೇಜಿನ ದಿನಗಳಲ್ಲೇ ಕಾಣುವಂತಿತ್ತೇ?

ಉತ್ತರ: ಟೆಕ್ಸಾಸ್‌ನ ಶಾಲಾ ತಂಡವೊಂದರ ಸಹಾಯಕ ತರಬೇತುದಾರ

ಒಂದಷ್ಟು ಮಟ್ಟಿಗೆ ಕಾಣುವಂತಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ಕಾಣಬೇಕಾದರೆ ಮೊದಲು ಎರಡು ಆಟಗಳ ನಡುವಿನ ಅಂತರ ತಿಳಿದಿರಬೇಕು. ಕಾಲೇಜು ಅಂಗಳವೂ ವೃತ್ತಿಪರ ಅಂಗಳವೂ 160 ಅಡಿ ಅಗಲವೇ. ಆದರೆ ಪ್ರತಿ ಪ್ಲೇ (ಆಟದ ಒಂದೊಂದು ಯತ್ನ) ಆರಂಭವಾಗುವ ಹ್ಯಾಷ್ ಗೆರೆಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ ಮಾತ್ರ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಎಡಗೆರೆಯ ಮೇಲಿದ್ದರೆ ಬಲಕ್ಕೆ ನೂರು ಅಡಿ ಬಯಲು ತೆರೆದಿರುತ್ತದೆ. ಚುರುಕಾದ ರಿಸೀವರ್‌ಗಳನ್ನು ಆ ಬಯಲಿಗೆ ಬಿಟ್ಟರೆ ಯಾರಾದರೊಬ್ಬರು ಒಂಟಿಯಾಗಿ ಸಿಕ್ಕೇ ಸಿಗುತ್ತಾರೆ. ಇದರ ಜೊತೆಗೆ, ಪಾಸ್ ಎಸೆಯುವ ಮುನ್ನ ಆಫೆನ್ಸಿವ್ ಲೈನ್‌ನವರು (ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಅವನನ್ನು ಕಾಯುವ ಸಾಲು) ಕಾಲೇಜಿನಲ್ಲಿ ಮೂರು ಯಾರ್ಡ್ ಮುಂದಕ್ಕೆ ಹೋಗಬಹುದು, ವೃತ್ತಿಪರ ಲೀಗ್‌ನಲ್ಲಿ ಒಂದೇ ಯಾರ್ಡ್. ಓಟವೋ ಪಾಸೋ ಎಂದು ಎದುರಾಳಿಯನ್ನು ಗೊಂದಲಕ್ಕೆ ಕೆಡಹುವ ಪ್ಲೇಗಳು ಶನಿವಾರದ ಕಾಲೇಜು ಪಂದ್ಯಗಳಲ್ಲಿ ಅಷ್ಟು ಸಲೀಸಾಗಿ ನಡೆಯುವುದಕ್ಕೆ ಈ ಎರಡು ಯಾರ್ಡ್‌ಗಳ ರಿಯಾಯಿತಿಯೇ ಮುಖ್ಯ ಕಾರಣ.

ಇದರ ಫಲವಾಗಿ, ಒಳ್ಳೆಯ ಕಾಲೇಜು ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಪ್ರತಿ ಪಂದ್ಯದಲ್ಲೂ ಹಲವು ಪಾಸ್‌ಗಳು ಎಲೆ ಹಾಕಿ ಬಡಿಸಿಟ್ಟ ಊಟದಂತೆ ಸಿಗುತ್ತವೆ. ಅವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಡಿಸಿದ್ದು ಏನೂ ಇಲ್ಲದಾಗ, ಎಂದರೆ ಮೊದಲು ನೋಡಬೇಕಾದ ರಿಸೀವರ್‌ನ ದಾರಿ ಮುಚ್ಚಿ, ಲೈನ್ ಒಡೆದು, ಇನ್ನೂರೈವತ್ತು ಪೌಂಡಿನ ಎದುರಾಳಿ ಮೇಲೆ ಬರುತ್ತಿರುವ ಆ ಒಂದೆರಡು ಸೆಕೆಂಡುಗಳಲ್ಲಿ, ಹುಡುಗ ಏನು ಮಾಡುತ್ತಾನೆ ಎಂಬುದೇ ನನಗೆ ಮುಖ್ಯ. ಅವನ ಕಣ್ಣು ಮುಂದಿನ ರಿಸೀವರ್‌ನತ್ತ ಹೋಗುತ್ತದೆಯೋ, ಅಥವಾ ಮೇಲೆ ಬೀಳುವವರತ್ತ ಇಳಿಯುತ್ತದೆಯೋ? ಪಾದಗಳು ಪಾಕೆಟ್‌ನೊಳಗೇ (ಲೈನ್‌ನವರು ಅವನ ಸುತ್ತ ಕಾಯುವ ಜಾಗ) ಒಂದು ಹೆಜ್ಜೆ ಸರಿದು ಮತ್ತೆ ಎಸೆಯುವ ಭಂಗಿಗೆ ಬರುತ್ತವೆಯೋ, ಅಥವಾ ಅವನು ಬೆನ್ನು ತಿರುಗಿಸಿ ಹೊರಕ್ಕೆ ಓಡುತ್ತಾನೋ?

ಅಂಕಿಗಳು ಇದನ್ನು ಮರೆಮಾಡುವ ಒಂದು ಬಗೆಯನ್ನೂ ಹೇಳಬೇಕು. ಕಾಲೇಜು ಲೆಕ್ಕಪತ್ರದಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದಾಗ (ಎಸೆಯುವ ಮುನ್ನವೇ ನೆಲಕ್ಕುರುಳಿದಾಗ) ಕಳೆದುಕೊಂಡ ಯಾರ್ಡ್‌ಗಳನ್ನು ಅವನ ಓಟದ ಖಾತೆಯಿಂದ ಕಳೆಯುತ್ತಾರೆ, ಪಾಸಿನ ಅಂಕಣಕ್ಕೆ ಅದರ ಕಲೆ ತಾಗುವುದೇ ಇಲ್ಲ. ತಾವು ಕೊಟ್ಟ 41 ಮತ್ತು 3 ಎಂಬ ಅಂಕಿಗಳಲ್ಲಿ ಫೀಲ್ಡ್ಸ್ ಚೆಂಡನ್ನು ಎಷ್ಟು ಹೊತ್ತು ಕೈಯಲ್ಲೇ ಹಿಡಿದು, ದೂರದ ರಿಸೀವರ್ ಬಿಡುವಾಗಲೆಂದು ಕಾಯುತ್ತಿದ್ದರು ಎಂಬುದು ಕಾಣಿಸುವುದಿಲ್ಲ. ಕೊಲಂಬಸ್‌ನಲ್ಲಿ ಆ ಕಾಯುವಿಕೆಗೆ ಬಹುಮಾನ ಸಿಗುತ್ತಿತ್ತು, ಏಕೆಂದರೆ ಲೈನ್ ಗಟ್ಟಿಯಾಗಿತ್ತು, ತಪ್ಪಿದರೆ ಓಡಿ ಪಾರಾಗುವ ವೇಗ ಅವರಿಗಿತ್ತು. ಷಿಕಾಗೊದಲ್ಲಿ 2022ರ ಋತುವಿನಲ್ಲಿ ಅವರು 55 ಬಾರಿ ಸ್ಯಾಕ್ ಆದರು. ಅದೇ ಋತುವಿನಲ್ಲಿ 1,143 ಯಾರ್ಡ್ ಓಡಿದರು. ಇವೆರಡನ್ನೂ ನಾನು ಒಂದೇ ಅಭ್ಯಾಸದ ಎರಡು ಮುಖಗಳಾಗಿ ನೋಡುತ್ತೇನೆ.

ತಮಗೆ ನೆನಪಿರುವುದು ಕ್ಲೆಮ್ಸನ್ ಪಂದ್ಯ. ಅದಕ್ಕೆ ಎರಡು ವಾರ ಮೊದಲು, 2020ರ ಡಿಸೆಂಬರ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧದ ಬಿಗ್ ಟೆನ್ (ಒಹಾಯೊ ಸ್ಟೇಟ್ ಆಡುವ ಕಾಲೇಜು ಕೂಟ) ಅಂತಿಮ ಪಂದ್ಯವನ್ನು ಮತ್ತೊಮ್ಮೆ ನೋಡಿ: 27 ಪಾಸ್‌ಗಳಲ್ಲಿ 12 ಮಾತ್ರ ಕೈಸೇರಿದವು, 114 ಯಾರ್ಡ್, ಎರಡು ಇಂಟರ್‌ಸೆಪ್ಷನ್. ಮುಖ್ಯ ರಿಸೀವರ್ ಕ್ರಿಸ್ ಒಲಾವೆ ಅಂದು ಆಡಿರಲಿಲ್ಲ, ಫೀಲ್ಡ್ಸ್ ಅವರ ಹೆಬ್ಬೆರಳಿಗೂ ಪೆಟ್ಟಾಗಿತ್ತು ಎಂಬುದು ನಿಜ. ಆದರೂ ನೆರವು ಕಡಿಮೆಯಾದ ದಿನ ಅವರ ಆಟ ಹೇಗಿರುತ್ತದೆ ಎಂದು ತೋರಿಸಿದ್ದು ಆ ಪಂದ್ಯವೇ.

ಸ್ಟ್ರೌಡ್ ಅವರ ವಿಷಯದಲ್ಲಿ ಅಂಥ ಪರೀಕ್ಷೆ 2022ರ ಡಿಸೆಂಬರ್ 31ರ ಪೀಚ್ ಬೌಲ್. ಎದುರಿಗಿದ್ದದ್ದು ಆ ಋತುವಿನ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಲಿದ್ದ ಜಾರ್ಜಿಯಾ. ರಿಸೀವರ್ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಪಂದ್ಯದ ನಡುವೆಯೇ ಗಾಯಗೊಂಡು ಹೊರಹೋದರು. ಸ್ಟ್ರೌಡ್ 348 ಯಾರ್ಡ್ ಮತ್ತು ನಾಲ್ಕು ಟಚ್‌ಡೌನ್ ಎಸೆದರು, ತಂಡ 42–41ರಿಂದ ಸೋತಿತು. ಅಲ್ಲಿಯವರೆಗೆ ಪಾಕೆಟ್ ಬಿಟ್ಟು ಅಲುಗಾಡದವರು ಎಂಬ ಆಕ್ಷೇಪ ಹೊತ್ತಿದ್ದವರು ಅಂದು ಜಾರ್ಜಿಯಾದ ಮುಂಚೂಣಿಯಿಂದ ನುಣುಚಿಕೊಂಡು, ಕಣ್ಣನ್ನು ಅಂಗಳದ ದೂರದಿಂದ ಕೀಳದೆ ಎಸೆದ ರೀತಿಯನ್ನು ನೋಡಿದವರಿಗೆ ಸೋರಿದ ಪರೀಕ್ಷೆಯ ಅಂಕ ಮುಖ್ಯವಾಗಬೇಕಿರಲಿಲ್ಲ.

ಉತ್ತರ: ಸ್ಯಾನ್ ಹೋಸೆಯಿಂದ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಅದಕ್ಕೆ ಅನುಭವದ ಪ್ರಶ್ನೆಯನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಅದರ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿತಿದೆ. 2021ರಲ್ಲಿ ಟ್ರೇ ಲ್ಯಾನ್ಸ್ ಅವರನ್ನು 3ನೆಯ ಆಯ್ಕೆಯಾಗಿ ಪಡೆಯುವುದಕ್ಕೆ ತಂಡ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಒತ್ತೆಯಿಟ್ಟಿತು. ನಾರ್ತ್ ಡಕೋಟ ಸ್ಟೇಟ್‌ನಲ್ಲಿ ಅವರು ಆರಂಭಿಕನಾಗಿ ಆಡಿದ್ದು 17 ಪಂದ್ಯ ಮಾತ್ರ, ಅವುಗಳಲ್ಲಿ 2020ರಲ್ಲಿ ಆಡಿದ್ದು ಒಂದೇ. ತೋಳಿನ ಬಲ, ಮೈಕಟ್ಟು, ವಿನಯ ಎಲ್ಲವೂ ಇದ್ದವು. ಆದರೆ ಆಟ ಕೆಟ್ಟಾಗ ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಲು ಸಾಕಷ್ಟು ಪ್ಲೇಗಳೇ ಲಭ್ಯವಿರಲಿಲ್ಲ. 2022ರ ಎರಡನೆಯ ವಾರದಲ್ಲಿ ಅವರ ಕಣಕಾಲು ಮುರಿಯಿತು, ಮರುವರ್ಷ ನಾಲ್ಕನೆಯ ಸುತ್ತಿನ ಆಯ್ಕೆಗೆ ಬದಲಾಗಿ ಡಲ್ಲಸ್‌ಗೆ ಹೋದರು.

ಅದೇ ತಂಡ 2022ರ ಡ್ರಾಫ್ಟ್‌ನ ಕಟ್ಟಕಡೆಯ, ಎಂದರೆ 262ನೆಯ ಆಯ್ಕೆಯಾಗಿ ಬ್ರಾಕ್ ಪರ್ಡಿಯನ್ನು ತೆಗೆದುಕೊಂಡಿತು. ಅವರು ಎತ್ತರದವರಲ್ಲ, ಬಿರುಸಿನ ತೋಳಿನವರೂ ಅಲ್ಲ, ಆದರೆ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಬಗೆಬಗೆಯ ಡಿಫೆನ್ಸ್‌ಗಳನ್ನು ಎದುರಿಸಿದವರು. ಆ ವರ್ಷದ ಡಿಸೆಂಬರ್‌ನಲ್ಲಿ ಅನಿವಾರ್ಯವಾಗಿ ಅಂಗಳಕ್ಕಿಳಿದವರು ಮುಂದಿನ ಋತುವಿನಲ್ಲಿ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದರು. ಒಂದೇ ತರಬೇತುದಾರ, ಅವೇ ರಿಸೀವರ್‌ಗಳು, ಫಲಿತಾಂಶ ಬೇರೆ. 2017ರಲ್ಲಿ 2ನೆಯ ಆಯ್ಕೆಯಾದ ಮಿಚೆಲ್ ಟ್ರುಬಿಸ್ಕಿ ಕಾಲೇಜಿನಲ್ಲಿ ಆರಂಭಿಸಿದ್ದು 13 ಪಂದ್ಯ. 2024ರಲ್ಲಿ 2ನೆಯ ಆಯ್ಕೆಯಾಗಿ ಮೊದಲ ವರ್ಷವೇ ಮಿಂಚಿದ ಜೇಡನ್ ಡ್ಯಾನಿಯೆಲ್ಸ್ ಆರಂಭಿಸಿದ್ದು 55. ಪಂದ್ಯಗಳ ಸಂಖ್ಯೆಯೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ಸಂಖ್ಯೆ ಕಡಿಮೆಯಿದ್ದಲ್ಲಿ ತೀರ್ಮಾನಕ್ಕೆ ಆಧಾರವೇ ಕಡಿಮೆ ಎಂಬುದನ್ನು ಮರೆಯಬಾರದು ಎನ್ನುತ್ತೇನೆ.

ಉತ್ತರ: ಬಫಲೋದಿಂದ

ಇಬ್ಬರ ಮಾತಿಗೂ ನನ್ನದೊಂದು ತಕರಾರಿದೆ. ಈ ಅಳತೆಗಳನ್ನೆಲ್ಲ ಹಿಡಿದು 2018ರಲ್ಲಿ ಕುಳಿತಿದ್ದರೆ ಜಾಷ್ ಆ್ಯಲನ್ ಅವರನ್ನು ಯಾರೂ ಆಯ್ದುಕೊಳ್ಳುತ್ತಿರಲಿಲ್ಲ. ವಯೋಮಿಂಗ್‌ನಲ್ಲಿ ಅವರ ಕೊನೆಯ ಋತುವಿನ ಪಾಸ್‌ಗಳಲ್ಲಿ ಕೈಸೇರಿದ್ದು ಶೇಕಡ 56ರಷ್ಟು. ಒತ್ತಡ ಬಿದ್ದಾಗ ದುಡುಕುತ್ತಿದ್ದರು, ಎಸೆಯಬಾರದ ಕಡೆಗೆ ಎಸೆಯುತ್ತಿದ್ದರು. ನಮ್ಮ ಬಿಲ್ಸ್ ತಂಡ 7ನೆಯ ಆಯ್ಕೆಯಾಗಿ ಕರೆತಂದಾಗ ಊರಿನ ಅನೇಕರಿಗೆ ಸಿಟ್ಟು ಬಂದಿತ್ತು. ಮೊದಲ ವರ್ಷ ಆ ಪ್ರಮಾಣ 52.8, ಎರಡನೆಯ ವರ್ಷ 58.8, ಮೂರನೆಯ ವರ್ಷ 69.2. ಆ ಮೂರು ವರ್ಷವೂ ಆಕ್ರಮಣದ ಹೊಣೆ ಬ್ರಯಾನ್ ಡೇಬೊಲ್ ಒಬ್ಬರದೇ ಆಗಿತ್ತು, ಬಿಡುವಿನ ತಿಂಗಳುಗಳಲ್ಲಿ ಆ್ಯಲನ್ ಎಸೆತದ ಭಂಗಿಯನ್ನೇ ತಿದ್ದಿಕೊಂಡರು, 2020ರಲ್ಲಿ ಸ್ಟೆಫಾನ್ ಡಿಗ್ಸ್ ಬಂದು ಸೇರಿದರು. 2024ರ ಋತುವಿಗೆ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಆ್ಯಲನ್ ಅವರಿಗೇ ಬಂತು.

ಇದಕ್ಕೆ ಎದುರಾಗಿ 2005ರ ಡ್ರಾಫ್ಟ್‌ನಲ್ಲಿ ಫಾರ್ಟಿನೈನರ್ಸ್ ಮೊದಲ ಆಯ್ಕೆಯಾಗಿ ತೆಗೆದುಕೊಂಡ ಅಲೆಕ್ಸ್ ಸ್ಮಿತ್ ಅವರನ್ನು ನೆನೆಯಿರಿ. ವರ್ಷವರ್ಷವೂ ಬದಲಾಗುತ್ತಿದ್ದ ಆಕ್ರಮಣ ತರಬೇತುದಾರರ ಕೈಯಲ್ಲಿ ಅವರು ಸೋತವರೆನಿಸಿಕೊಂಡಿದ್ದರು. 2011ರಲ್ಲಿ ಜಿಮ್ ಹಾರ್ಬಾ ಮುಖ್ಯ ತರಬೇತುದಾರರಾಗಿ ಬಂದ ಮೇಲೆ ಅದೇ ಮನುಷ್ಯ 13 ಪಂದ್ಯ ಗೆದ್ದ ತಂಡವನ್ನು ನಡೆಸಿದರು. ಅದೇ ಡ್ರಾಫ್ಟ್‌ನಲ್ಲಿ 24ನೆಯವರಾಗಿ ಆಯ್ಕೆಯಾದ ಏರನ್ ರಾಜರ್ಸ್‌ಗೆ ಗ್ರೀನ್ ಬೇಯಲ್ಲಿ ಮೂರು ವರ್ಷ ಬೆಂಚಿನ ಮೇಲೆ ಕುಳಿತು ಕಲಿಯುವ ಅವಕಾಶ ಸಿಕ್ಕಿತು. ಇವರಿಬ್ಬರೂ ಊರು ಅದಲುಬದಲಾಗಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸ್ಟ್ರೌಡ್ ಅವರೂ 2024ರಲ್ಲಿ ಲೈನ್ ಕುಸಿದಾಗ 52 ಬಾರಿ ಸ್ಯಾಕ್ ಆಗಿ 12 ಇಂಟರ್‌ಸೆಪ್ಷನ್ ಕೊಟ್ಟರು. ಆದ್ದರಿಂದ ಕೊಲಂಬಸ್‌ನವರ ಪ್ರಶ್ನೆಯಲ್ಲಿ ಹುಡುಗ ಎಂಥವನು ಎಂಬುದರಷ್ಟೇ ತೂಕ ಅವನು ಎಲ್ಲಿಗೆ ಹೋದ ಎಂಬುದಕ್ಕೂ ಇರಬೇಕು. ಫೀಲ್ಡ್ಸ್‌ಗೆ ಷಿಕಾಗೊದಲ್ಲಿ ಒಂದೇ ವರ್ಷಕ್ಕೆ ಮುಖ್ಯ ತರಬೇತುದಾರರೇ ಬದಲಾದರು ಎಂಬುದನ್ನು ಬಿಟ್ಟು ಅವರ ಮೇಲೆ ತೀರ್ಪು ಕೊಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಕೊಲಂಬಸ್ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾರ್ತ್‌ವೆಸ್ಟರ್ನ್ ಪಂದ್ಯವನ್ನು ನಾನು ಗೆಲುವಿನ ಸಂತೋಷದಲ್ಲಿ ಮರೆತೇಬಿಟ್ಟಿದ್ದೆ. ತರಬೇತುದಾರರಲ್ಲಿ ಒಂದು ಕೋರಿಕೆ: ಟಿವಿಯ ಕ್ಯಾಮೆರಾ ದೂರದ ರಿಸೀವರ್‌ಗಳನ್ನು ತೋರಿಸುವುದೇ ಇಲ್ಲ. ಹಾಗಿರುವಾಗ ಮನೆಯಲ್ಲಿ ಕುಳಿತ ನನ್ನಂಥವನು ಇದನ್ನು ನೋಡುವುದು ಹೇಗೆ? ಬಫಲೋದವರ ತಕರಾರಿಗೂ ತಮ್ಮ ಉತ್ತರ ಏನೆಂದು ತಿಳಿಯಬೇಕು.

ಟೆಕ್ಸಾಸ್‌ನ ಸಹಾಯಕ ತರಬೇತುದಾರ

ಬಫಲೋದವರ ಮಾತಿನಲ್ಲಿ ಹುರುಳಿದೆ, ತಂಡದ ಪಾತ್ರವನ್ನು ನಾನು ಕಡೆಗಣಿಸಿ ಬರೆದದ್ದು ತಪ್ಪು. ಆದರೆ ಆ್ಯಲನ್ ಅವರ ದೋಷಗಳು ಹೆಚ್ಚಾಗಿ ಪಾದದವು, ಭಂಗಿಯವು. ಒತ್ತಡದಲ್ಲಿ ಅವರ ಕಣ್ಣು ಆಗಲೂ ಅಂಗಳದ ಮೇಲೆಯೇ ಇತ್ತು, ಧೈರ್ಯ ಅತಿಯಾಗಿತ್ತು. ಅತಿಯಾದ ಧೈರ್ಯವನ್ನು ಪಳಗಿಸಬಹುದು. ಮೇಲೆ ಬೀಳುವವರನ್ನು ನೋಡುವ ಕಣ್ಣನ್ನು ಮೇಲೆತ್ತಿಸುವುದು ಅದಕ್ಕಿಂತ ಬಹಳ ಕಷ್ಟ. ಹದಿನಾರರ ಹುಡುಗರಲ್ಲೇ ಅದನ್ನು ತಿದ್ದಲು ಹೋಗಿ ನಾನು ಹಲವು ಸಲ ಸೋತಿದ್ದೇನೆ.

ಟಿವಿಯ ವಿಷಯದಲ್ಲಿ ಚಿಂತೆ ಬೇಡ. ರಿಸೀವರ್‌ಗಳು ಕಾಣದಿದ್ದರೂ ತಮಗೆ ಬೇಕಾದ ಲೈನ್ ಮತ್ತು ಕ್ವಾರ್ಟರ್‌ಬ್ಯಾಕ್ ಇಬ್ಬರೂ ಪರದೆಯ ನಡುವೆಯೇ ಇರುತ್ತಾರೆ. ಥರ್ಡ್ ಡೌನ್ (ಹತ್ತು ಯಾರ್ಡ್ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಆಗಿದ್ದು ಏಳು ಯಾರ್ಡ್ ಅಥವಾ ಹೆಚ್ಚು ಬೇಕಾಗಿರುವ ಪ್ಲೇಗಳನ್ನು ಮಾತ್ರ ಆರಿಸಿಕೊಳ್ಳಿ, ಏಕೆಂದರೆ ಆಗ ಪಾಸ್ ಬರುತ್ತದೆಂದು ಎದುರಾಳಿಗೂ ಗೊತ್ತಿರುತ್ತದೆ, ಬಡಿಸಿಟ್ಟ ಊಟ ಸಿಗುವುದಿಲ್ಲ. ಚೆಂಡಿನ ಹಿಂದೆ ಹೋಗಬೇಡಿ, ಸ್ನ್ಯಾಪ್ ಆದ (ಚೆಂಡು ಅವನ ಕೈಗೆ ಬಂದ) ಮೇಲೆ ಅವನ ಹೆಲ್ಮೆಟ್ ಎಷ್ಟು ಸಲ ತಿರುಗಿತು, ಪಾದ ನೆಲೆಗೆ ಬಂದ ಮೇಲೆ ಎಸೆದನೋ ಮೊದಲೇ ಎಸೆದನೋ ಎಂಬುದನ್ನಷ್ಟೇ ಬರೆದುಕೊಳ್ಳಿ. ಪಾಸ್ ಕೈಸೇರಿತೋ ಇಲ್ಲವೋ ಎಂಬುದನ್ನು ಬರೆಯಬೇಡಿ. ಪೀಚ್ ಬೌಲ್ ಪಂದ್ಯದಿಂದ ಆರಂಭಿಸಿ, ಆಮೇಲೆ ನಾರ್ತ್‌ವೆಸ್ಟರ್ನ್ ಪಂದ್ಯಕ್ಕೆ ಬನ್ನಿ. ತಮ್ಮ ಟಿಪ್ಪಣಿಗಳನ್ನು ಇಲ್ಲಿ ಹಾಕಿದರೆ ನಾನೂ ಅವೇ ಪ್ಲೇಗಳನ್ನು ಮತ್ತೆ ನೋಡಿ, ನನಗೆ ಕಂಡದ್ದನ್ನು ಪಕ್ಕದಲ್ಲಿಟ್ಟು ಬರೆಯುತ್ತೇನೆ.