ಸುರುಳಿ ಹಾಯಿಯ ಬಿಸಿಲು ಪಟ್ಟಿಗೆ ಯಾವ ಬಟ್ಟೆ?

ಪ್ರಶ್ನೆ: ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ನನ್ನದೊಂದು 30 ಅಡಿಯ ಹಾಯಿದೋಣಿ ಇದೆ. ಮುಂದಿನ ಹಾಯಿಯನ್ನು ಬಳಸಿದ ಮೇಲೆ ಫರ್ಲರ್‌ನಿಂದ (ಹಗ್ಗ ಎಳೆದರೆ ಹಾಯಿಯನ್ನು ಸುರುಳಿ ಸುತ್ತುವ ಸಾಧನ) ಸುತ್ತಿ ಅಲ್ಲೇ ಬಿಡುತ್ತೇನೆ. ಬಿಸಿಲು ತಡೆಯಲು ಅದರ ಅಂಚಿಗೆ ಹೊಲಿದಿದ್ದ ಪಟ್ಟಿ ಹರಿದಿದೆ. ಈ ಸಲ ಅಕ್ರಿಲಿಕ್ ಹಾಕಿಸಲೇ, ಬಿಳಿಯ ಯುವಿ ಡೇಕ್ರಾನ್ (ಬಿಸಿಲು ತಾಳುವಂತೆ ಸಂಸ್ಕರಿಸಿದ ಪಾಲಿಯೆಸ್ಟರ್ ಹಾಯಿಬಟ್ಟೆ) ಹಾಕಿಸಲೇ? ಅನುಭವವಿದ್ದವರು ತಿಳಿಸಿ.

ಉತ್ತರ 1: ಅಕ್ರಿಲಿಕ್ಕೇ ಹಾಕಿಸಿ. ಸನ್‌ಬ್ರೆಲ್ಲಾದಂಥ ಬಟ್ಟೆಯಲ್ಲಿ ಎಳೆ ತಯಾರಾಗುವಾಗಲೇ ಬಣ್ಣ ಬೆರೆತಿರುತ್ತದೆ, ಹಾಗಾಗಿ ಬೇಗ ಮಾಸುವುದಿಲ್ಲ. ನನ್ನ ದೋಣಿ ವರ್ಷವಿಡೀ ಕೀ ವೆಸ್ಟ್‌ನ ಬಿಸಿಲಿನಲ್ಲಿ ನಿಂತಿರುತ್ತದೆ. ಒಂಬತ್ತನೆಯ ವರ್ಷದಲ್ಲೂ ಬಟ್ಟೆ ಗಟ್ಟಿಯಾಗಿದೆ. ಸೋತದ್ದು ನೂಲು. ನಾಲ್ಕನೆಯ ವರ್ಷಕ್ಕೆ ಉಗುರಿನಿಂದ ಗೀರಿದರೆ ಸಾಕು, ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ಅದನ್ನು ನೋಡಿಯೂ ಸುಮ್ಮನಿದ್ದೆ. ಒಂದು ರಾತ್ರಿಯ ಗಾಳಿಗೆ ಎರಡು ಮೀಟರ್ ಪಟ್ಟಿ ಬಿಚ್ಚಿಕೊಂಡು, ಬೆಳಗಿನವರೆಗೂ ಬಡಿದಾಡಿ, ಒಳಗಿನ ಹಾಯಿಯನ್ನೂ ಸೀಳಿತ್ತು. ಆಮೇಲೆ ಪಿಟಿಎಫ್‌ಇ (ಟೆಫ್ಲಾನ್ ಜಾತಿಯ ವಸ್ತು) ನೂಲನ್ನೇ ಕೇಳಿ ಹೊಲಿಸಿದೆ. ಪಾಲಿಯೆಸ್ಟರ್ ನೂಲಿಗಿಂತ ಬಹಳ ದುಬಾರಿ, ಆದರೆ ಬಿಸಿಲು ಅದನ್ನು ಕೆಡಿಸುವುದಿಲ್ಲ. ದಯವಿಟ್ಟು ಬಟ್ಟೆ ಕೊಳ್ಳುವ ಮೊದಲೇ ನೂಲು ಯಾವುದೆಂದು ಕೇಳಿ.

ಉತ್ತರ 2: ನೂಲಿನ ಮಾತು ನೂರಕ್ಕೆ ನೂರು ನಿಜ. ಬಟ್ಟೆಯ ವಿಷಯದಲ್ಲಿ ಮಾತ್ರ ನನ್ನ ಆಯ್ಕೆ ಬೇರೆ. ಅಕ್ರಿಲಿಕ್ ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುತ್ತದೆ. ಬೇಸಿಗೆಯ ಮಂದ ಗಾಳಿಯಲ್ಲಿ ಆ ಭಾರಕ್ಕೆ ಹಿಂದಿನ ಅಂಚು ಜೋತುಬಿದ್ದು ಹಾಯಿ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಯುವಿ ಡೇಕ್ರಾನ್ ಬಹಳ ಹಗುರ, ಹಾಯಿಯ ಬಟ್ಟೆಯ ಜಾತಿಯದೇ ಆದ್ದರಿಂದ ಅದರೊಂದಿಗೆ ಹೊಂದಿಕೊಂಡು ಎಳೆತ ತಾಳುತ್ತದೆ. ಆಯುಷ್ಯ ಕಡಿಮೆ, ನಮ್ಮದು ನಾಲ್ಕೇ ವರ್ಷಕ್ಕೆ ಮುಗಿಯಿತು. ವಾರವಾರವೂ ಸ್ಪರ್ಧೆಗೆ ಇಳಿಯುವ ನಮಗೆ ಅದು ಒಪ್ಪಿಗೆ. ನಿಮ್ಮ ದೋಣಿ ಹೆಚ್ಚಿನ ದಿನ ಕಟ್ಟಿಯೇ ಇರುವುದಾದರೆ ಅಕ್ರಿಲಿಕ್ ಹಾಕಿಸಿ.

ಉತ್ತರ 3: ಹಾಯಿಯನ್ನು ಬಿಚ್ಚಿ ಒಯ್ಯುವ ಮೊದಲು, ಸುತ್ತಿದ ಸ್ಥಿತಿಯಲ್ಲೇ ಹೊರಮೈಗೆ ಪೆನ್ಸಿಲ್ ಗುರುತು ಹಾಕಿ. ನಮಗೆ ತಪ್ಪು ಬದಿಗೆ ಪಟ್ಟಿ ಹೊಲಿದುಕೊಟ್ಟಿದ್ದರು. ಕೊನೆಗೆ ಫರ್ಲರ್ ಡ್ರಮ್ಮಿನ ಹಗ್ಗವನ್ನು ಎದುರು ದಿಕ್ಕಿಗೆ ಸುತ್ತಿ ಸರಿಪಡಿಸಿಕೊಂಡೆವು. ಇನ್ನು, ಹಾಯಿಯನ್ನು ಸಡಿಲವಾಗಿ ಸುತ್ತಿದರೆ ಸುರುಳಿ ದಪ್ಪವಾಗಿ ಪಟ್ಟಿಗಳ ನಡುವೆ ಬಿಳಿ ಬಟ್ಟೆ ಇಣುಕುತ್ತದೆ. ಆಗ ಮೊದಲು ಜೀರ್ಣವಾಗುವುದು ಆ ಜಾಗವೇ. ಚಂಡಮಾರುತದ ಮುನ್ಸೂಚನೆ ಬಂದಾಗಲಂತೂ ಯಾವ ಪಟ್ಟಿಯನ್ನೂ ನಂಬಬೇಡಿ, ಹಾಯಿಯನ್ನೇ ಇಳಿಸಿ ಒಳಗಿಡಿ.