ಇವತ್ತಿನ ಬೆಂಗಳೂರಲ್ಲಿ ದೆವ್ವದ ಕ್ಯಾಂಪೇನ್: ಶುರು ಮಾಡೋದು ಹೇಗೆ?

ಕೇಳಿದ್ದು

ಇಲ್ಲಿವರೆಗೆ ನಮ್ಮ ಗುಂಪು ಆಡಿದ್ದೆಲ್ಲ ಕತ್ತಿ, ಡ್ರ್ಯಾಗನ್ನಿನ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್). ಈಗ ಇವತ್ತಿನ ಬೆಂಗಳೂರಲ್ಲೇ ನಡೆಯೋ, ದೆವ್ವ ಭೂತ ಇರೋ ಟೇಬಲ್‌ಟಾಪ್ ಕ್ಯಾಂಪೇನ್ (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ಡೈಸ್ ಹಾಕಿ ಹಲವು ವಾರ ಮುಂದುವರಿಸೋ ಕಥೆಯಾಟ) ಶುರು ಮಾಡಬೇಕು ಅಂತಿದ್ದೀವಿ. ನಾನು ಜಿಎಂ (ಕಥೆ ನಡೆಸೋ ಗೇಮ್ ಮಾಸ್ಟರ್), ಆಡೋರು ನಾಲ್ವರು. ಅವರಲ್ಲಿ ಇಬ್ಬರು ಹೊಸಬರು, ಇನ್ನೊಬ್ಬಳು ಜರ್ಮನಿಯಿಂದ ವಿಡಿಯೊದಲ್ಲಿ ಸೇರ್ತಾಳೆ. ಭಾನುವಾರ ಮೂರು ಗಂಟೆ ಸಿಗುತ್ತೆ. ಯಾವ ರೂಲ್ಸ್ ತಗೋಬೇಕು? ಮೊದಲ ಸೆಷನ್‌ಗೆ ಏನೇನು ತಯಾರಿ ಬೇಕು? ಎಲ್ಲರ ಕೈಯಲ್ಲೂ ಫೋನ್ ಇರೋ ಕಾಲದಲ್ಲಿ ಹೆದರಿಕೆ ಹುಟ್ಟಿಸೋದು ಹೇಗೆ? ನಡೆಸಿ ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1

ಹೊಸಬರು ಇದ್ದಾರೆ, ಮೂರೇ ಗಂಟೆ ಸಮಯ ಅಂದಮೇಲೆ ಕಣ್ಣುಮುಚ್ಚಿ ಮಾನ್‌ಸ್ಟರ್ ಆಫ್ ದಿ ವೀಕ್ ಅನ್ನೋ ಆಟದ ರೂಲ್ಸ್ ತಗೊಳ್ಳಿ. ತಲೆಗೆ ಎರಡು ಮಾಮೂಲಿ ಆರು ಮುಖದ ಡೈಸ್ ಸಾಕು. ಎರಡನ್ನೂ ಹಾಕಿ, ಆ ಕೆಲಸಕ್ಕೆ ಕ್ಯಾರೆಕ್ಟರ್‌ಗೆ ಇರೋ ರೇಟಿಂಗ್ ಅಂಕಿ ಕೂಡಿಸಬೇಕು. 10 ಅಥವಾ ಹೆಚ್ಚು ಬಂದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಕೆಲಸ ಆಗುತ್ತೆ, ಜೊತೆಗೆ ಒಂದು ತೊಂದರೆಯೂ ಬರುತ್ತೆ. 6 ಅಥವಾ ಕಮ್ಮಿ ಆದರೆ ಜಿಎಂ ಕೈ ಮೇಲು, ಆದರೆ ಆಡಿದವರಿಗೆ ಒಂದು ಎಕ್ಸ್‌ಪೀರಿಯೆನ್ಸ್ ಸಿಗುತ್ತೆ. ಐದು ಸೇರಿದರೆ ಕ್ಯಾರೆಕ್ಟರ್ ಬೆಳೆಯುತ್ತೆ.

ರೇಟಿಂಗ್ ಸೊನ್ನೆ ಇದ್ದರೆ ಪೂರ್ತಿ ಗೆಲ್ಲೋ ಅವಕಾಶ 36ರಲ್ಲಿ 6 ಮಾತ್ರ, +2 ಇದ್ದರೆ 36ರಲ್ಲಿ 15. ಅದಕ್ಕೇ ನಾಲ್ವರಲ್ಲಿ ಒಬ್ಬರಿಗಾದರೂ ‘ಶಾರ್ಪ್’ (ಚುರುಕುತನದ ರೇಟಿಂಗ್) +2 ಇರೋ ಹಾಗೆ ನೋಡಿಕೊಳ್ಳಿ. ತನಿಖೆ ಡೈಸ್ ಹಾಕೋದು ಅದರ ಮೇಲೆಯೇ. ಯಾರಿಗೂ ಇಲ್ಲದಿದ್ದರೆ ತನಿಖೆ ಕುಂಟುತ್ತೆ.

ಹೊಸಬರಿಗೆ ‘ಮಂಡೇನ್’ ಮತ್ತು ‘ಪ್ರೊಫೆಷನಲ್’ ಪ್ಲೇಬುಕ್ (ಕ್ಯಾರೆಕ್ಟರ್ ಮಾಡೋಕೆ ಸಿದ್ಧ ಮಾದರಿ) ಕೊಡಿ. ‘ಸ್ಪೆಲ್-ಸ್ಲಿಂಗರ್’ನಲ್ಲಿ ಮಂತ್ರದ ತುಂಡುಗಳನ್ನ ಜೋಡಿಸೋ ಲೆಕ್ಕ ಇದೆ, ಹಳಬರು ತಗೊಳ್ಳಲಿ. ‘ಚೋಸನ್’ ತಗೊಂಡವರ ಹಣೆಬರಹವೇ ಇಡೀ ಕ್ಯಾಂಪೇನಿನ ಕಥೆ ಆಗಿಬಿಡುತ್ತೆ, ಉಳಿದ ಮೂವರು ಒಪ್ಪಿದರೆ ಮಾತ್ರ ಇಡಿ. ಪ್ಲೇಬುಕ್ ಹಾಳೆಗಳು ಉಚಿತವಾಗೇ ಸಿಗುತ್ತವೆ. ಬೇಸಿಕ್ ಮೂವ್‌ಗಳ (ಎಲ್ಲರೂ ಮಾಡಬಹುದಾದ ಕೆಲಸಗಳ ನಿಯಮ) ಒಂದು ಹಾಳೆಯನ್ನ ನೀವೇ ಕನ್ನಡದಲ್ಲಿ ಬರೆದು ಪ್ರಿಂಟ್ ತೆಗೆದು ಕೊಡಿ. ಹೊಸಬರು ಇಂಗ್ಲಿಷ್ ಹಾಳೆ ಓದ್ತಾ ಕೂತರೆ ಆಟ ಅಲ್ಲೇ ನಿಲ್ಲುತ್ತೆ.

ಉತ್ತರ 2

ಮೇಲಿನವರ ಮಾತು ಸರಿಯೇ, ಆದರೆ ನಿಮಗೆ ಬೇಕಿರೋದು ಹೊಡೆದಾಟವೋ, ಹೆದರಿಕೆಯೋ ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಮಾನ್‌ಸ್ಟರ್ ಆಫ್ ದಿ ವೀಕ್‌ನಲ್ಲಿ ಪ್ರತಿಯೊಬ್ಬರಿಗೂ ಏಳು ಲಕ್ ಗುರುತು ಇರುತ್ತೆ. ಒಂದನ್ನ ಖರ್ಚು ಮಾಡಿದರೆ ಸೋತ ಡೈಸ್ 12 ಆಗುತ್ತೆ. ಅದು ಬೇಟೆಗಾರರ ಆಟ. ‘ಇದರ ಮುಂದೆ ನಮ್ಮದೇನೂ ನಡೆಯಲ್ಲ’ ಅನ್ನಿಸಬೇಕಾದರೆ ಕಾಲ್ ಆಫ್ ಕ್ತುಲು ಒಳ್ಳೆಯದು. 1981ರಿಂದ ಇರೋ ಆಟ, ಕ್ವಿಕ್‌ಸ್ಟಾರ್ಟ್ ರೂಲ್ಸ್ ಉಚಿತ, ಒಂದು ಪೂರ್ತಿ ಕಥೆಯೂ ಅದರಲ್ಲೇ ಇದೆ. ನೂರರ ಡೈಸ್ ಹಾಕಿ ನಿಮ್ಮ ಸ್ಕಿಲ್ ಅಂಕಿಯೊಳಗೆ ಬಂದರೆ ಗೆಲುವು. ಶೇಕಡಾವಾರು ಆದ್ದರಿಂದ ಹೊಸಬರಿಗೂ ಬೇಗ ಹಿಡಿತ ಸಿಗುತ್ತೆ.

ಅಲ್ಲಿ ಎಡವೋ ಜಾಗ ಒಂದೇ: ಮುಖ್ಯ ಸುಳಿವನ್ನ ಡೈಸ್ ಹಿಂದೆ ಬಚ್ಚಿಡೋದು. ‘ಸ್ಪಾಟ್ ಹಿಡನ್’ (ಅಡಗಿದ್ದನ್ನ ಗುರುತಿಸೋ ಸ್ಕಿಲ್) ಶುರುವಾಗೋದೇ ಶೇ 25ರಿಂದ. ಅದನ್ನ ಬೆಳೆಸಿಕೊಳ್ಳದ ನಾಲ್ವರೂ ಒಂದೊಂದು ಸಲ ಹಾಕಿದರೂ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಯಾರಿಗೂ ಸಿಗಲ್ಲ. ಆಗ ಕಥೆ ಮುಂದೆ ಹೋಗೋಕೆ ದಾರಿಯೇ ಇರಲ್ಲ. ಸರಿಯಾದ ಜಾಗಕ್ಕೆ ಹೋಗಿ ಸರಿಯಾದ ಪ್ರಶ್ನೆ ಕೇಳಿದವರಿಗೆ ಮೂಲ ಸುಳಿವನ್ನ ಸುಮ್ಮನೆ ಕೊಟ್ಟುಬಿಡಿ. ಡೈಸ್ ಹಾಕಿಸೋದು ಹೆಚ್ಚಿನ ವಿವರಕ್ಕೆ, ಅಥವಾ ಎಷ್ಟು ಹೊತ್ತು ಹಿಡೀತು, ಯಾರ ಕಣ್ಣಿಗೆ ಬಿದ್ದರು ಅನ್ನೋದಕ್ಕೆ. ಗಮ್‌ಶೂ ಅನ್ನೋ ರೂಲ್ಸ್ ಪದ್ಧತಿ ಪೂರ್ತಿ ನಿಂತಿರೋದೇ ಈ ತತ್ವದ ಮೇಲೆ. ಯಾವ ಆಟ ಆಡಿದರೂ ಅದನ್ನ ಎರವಲು ತರಬಹುದು.

ಉತ್ತರ 3

ರೂಲ್ಸ್ ಬಗ್ಗೆ ಹೇಳಿ ಆಯ್ತಲ್ಲ, ನಾನು ತಯಾರಿ ಬಗ್ಗೆ ಹೇಳ್ತೀನಿ. ದೆವ್ವದಿಂದ ಶುರು ಮಾಡಬೇಡಿ, ಜಾಗದಿಂದ ಶುರು ಮಾಡಿ. ಬೆಂಗಳೂರಿನ ಅರ್ಧ ನಗರ ಕೆರೆಯ ಹೊಟ್ಟೆಯಲ್ಲಿ ಕೂತಿದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಅಂಥದೇ ಒಂದು ಕಲ್ಪನೆಯ ಕೆರೆಯ ಅಂಗಳದಲ್ಲಿ ಒಂದು ಅಪಾರ್ಟ್‌ಮೆಂಟ್ ಇಡಿ. ಉದಾಹರಣೆ ಪೂರ್ತಿ ಕೊಡ್ತೀನಿ, ಬೇಕಾದರೆ ಹಾಗೇ ಬಳಸಿ.

ನಡೆದದ್ದು ಇಷ್ಟು. ಕೆರೆಯ ಏರಿ ಒಡೆಯದೆ ನಿಲ್ಲಲಿ ಅಂತ ಹಿಂದೆ ಒಬ್ಬಳನ್ನ ಕೆರೆಗೆ ಕೊಟ್ಟಿದ್ದರು. ಬಿಲ್ಡರ್ ಏರಿ ಒಡೆದ, ತೂಬಿನ ಕಲ್ಲುಕಂಬಗಳನ್ನ ಕಿತ್ತು ಲಾಬಿಯ ಕಾರಂಜಿಗೆ ಅಲಂಕಾರಕ್ಕೆ ನಿಲ್ಲಿಸಿದ. ತೂಬು ಮುಚ್ಚಿಹೋಗಿದ್ದರಿಂದ ಅವಳಿಗೆ ಹೊರಗೆ ಹೋಗೋ ದಾರಿ ಇಲ್ಲ. ಸಂಪ್ ತುಂಬಿದಾಗಲೆಲ್ಲ ಮೇಲೆ ಬರ್ತಾಳೆ.

ಯಾರೂ ತಡೆಯದಿದ್ದರೆ ಏನಾಗುತ್ತೆ ಅನ್ನೋದನ್ನ ಆರು ಹಂತದಲ್ಲಿ ಬರೆದಿಟ್ಟುಕೊಳ್ಳಿ. ಮಾನ್‌ಸ್ಟರ್ ಆಫ್ ದಿ ವೀಕ್‌ನಲ್ಲಿ ಇದಕ್ಕೆ ಕೌಂಟ್‌ಡೌನ್ ಅಂತಾರೆ. ಮೊದಲು ನಲ್ಲಿಯಲ್ಲಿ ಕೆಸರು ನೀರು, ಬೀದಿನಾಯಿಗಳು ಬೇಸ್‌ಮೆಂಟಿಗೆ ಇಳಿಯಲ್ಲ. ಎರಡು, ರಾತ್ರಿ ಪಾಳಿಯ ಸೆಕ್ಯೂರಿಟಿ ನಾಪತ್ತೆ, ಚಪ್ಪಲಿ ಮಾತ್ರ ಸಂಪ್ ಪಕ್ಕ. ಮೂರು, ಮೂರನೇ ಮಹಡಿಯ ಮಗು ನಿದ್ದೆಗಣ್ಣಲ್ಲಿ ಮೆಟ್ಟಿಲಿಳಿದು ಬರುತ್ತೆ. ನಾಲ್ಕು, ಲಿಫ್ಟ್ ಗುಂಡಿಯಲ್ಲಿ ನೀರು, ಜನರೇಟರ್ ಮುಳುಗುತ್ತೆ. ಐದು, ಮಗು ಕಾಣೆ. ಆರು, ಬೆಳಗಾಗೋ ಹೊತ್ತಿಗೆ ಬೇಸ್‌ಮೆಂಟ್ ಕೆರೆಯಾಗಿದೆ, ಮಗು ಬರಲ್ಲ. ಆಟಗಾರರು ಕಾಲಹರಣ ಮಾಡಿದರೆ ಒಂದು ಹಂತ ಮುಂದಕ್ಕೆ ತಳ್ಳಿ. ದಾರಿಗೆ ಎಳೆದು ತರೋ ಅಗತ್ಯವೇ ಬರಲ್ಲ, ತಾವಾಗೇ ಓಡ್ತಾರೆ.

ಇನ್ನು ಸುಳಿವುಗಳು. ಅವರಿಗೆ ಗೊತ್ತಾಗಲೇಬೇಕಾದ್ದು ಮೂರು: ಇಲ್ಲಿ ಕೆರೆ ಇತ್ತು, ಬರ್ತಿರೋದು ಯಾರು, ಅವಳನ್ನ ಬಿಡಿಸೋದು ಹೇಗೆ. ಒಂದೊಂದಕ್ಕೂ ಕನಿಷ್ಠ ಮೂರು ದಾರಿ ಇಡಿ. ಒಂದನ್ನ ಅವರು ನೋಡಲ್ಲ, ಇನ್ನೊಂದನ್ನ ತಪ್ಪು ಅರ್ಥ ಮಾಡ್ಕೋತಾರೆ, ಮೂರನೆಯದು ಕೈ ಹಿಡಿಯುತ್ತೆ. ಕೆರೆ ಇತ್ತು ಅನ್ನೋದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ, ಲಿಫ್ಟ್ ಗುಂಡಿಯ ಮಣ್ಣಲ್ಲಿ ಬಸವನಹುಳದ ಚಿಪ್ಪು, ಪಕ್ಕದ ಹಳೇ ಊರಲ್ಲಿ ನೀರುಗಂಟಿ ಮನೆತನದ ತಾತ. ಬರ್ತಿರೋದು ಯಾರು ಅನ್ನೋದಕ್ಕೆ ವಿಸಿಟರ್ ಆ್ಯಪ್ ನೋಡಲಿ: ದಿನಾ ರಾತ್ರಿ 3:10ಕ್ಕೆ ‘ಬಿ-006’ಕ್ಕೆ ಒಂದು ಎಂಟ್ರಿ, ಬಿ ಬ್ಲಾಕಿನ ನೆಲಮಹಡಿಯಲ್ಲಿ ಇರೋದು ಐದೇ ಮನೆ. ಇನ್ನೆರಡು ದಾರಿ ಆ ತಾತ, ನಿದ್ದೆಗಣ್ಣಿನ ಮಗು ಹೇಳೋ ಹೆಸರು. ಬಿಡಿಸೋ ದಾರಿಗೆ ಲಾಬಿಯ ಕಂಬದ ಮೇಲಿನ ಕೆತ್ತನೆ, ಬಿಲ್ಡರ್ ಫೈಲಿನ ಹಳೇ ಫೋಟೊ, ಮತ್ತೆ ಅದೇ ತಾತ. ತೂಬು ತೆಗೆದು ನೀರು ಹರಿಸೋ ಕೆಲಸ ಗೊತ್ತಿರೋದು ನೀರುಗಂಟಿಗೇ ತಾನೆ.

ಕೈಗೆ ಕೊಡೋ ಕಾಗದದಷ್ಟು ಬೆಲೆ ಯಾವ ವರ್ಣನೆಗೂ ಇಲ್ಲ. ಪಹಣಿ ಮಾದರಿಯಲ್ಲಿ ಒಂದು ಹಾಳೆ ಮಾಡಿ, ವಿಸ್ತೀರ್ಣದ ಕಾಲಂನಲ್ಲಿ ‘ಬಿ ಖರಾಬು’ ಅಂತ ಹಾಕಿ. ಕೆರೆ, ಸ್ಮಶಾನ, ದಾರಿಯಂಥ ಸಾರ್ವಜನಿಕ ಜಾಗ ಬರೋದು ಅದರಲ್ಲೇ. ಅದೇ ಸೈಟಿನ ಇಸಿ (ಋಣಭಾರ ಪತ್ರ) ಫಾರಂ 16ರಲ್ಲಿ ಬರಲಿ. ಫಾರಂ 16 ಅಂದರೆ ವ್ಯವಹಾರವೇ ನಡೆದಿಲ್ಲ ಅಂತ ಅರ್ಥ. ನೂರು ಫ್ಲಾಟ್ ಮಾರಾಟ ಆಗಿರೋ ಜಾಗಕ್ಕೆ ನಿಲ್ ಇಸಿ! ಮನೆ ಕೊಂಡವರು, ಕೊಳ್ಳೋಕೆ ಓಡಾಡಿದವರು ಯಾರೇ ಟೇಬಲ್‌ನಲ್ಲಿದ್ದರೂ ಅದನ್ನ ನೋಡಿದ ಕೂಡಲೇ ಸೆಟೆದು ಕೂರ್ತಾರೆ. ಸರ್ವೆ ನಂಬರ್, ಹೆಸರು ಎಲ್ಲ ಕಲ್ಪನೆಯದೇ ಇರಲಿ, ನಿಜವಾದವರ ಪಹಣಿ ಇಳಿಸಿ ಬಳಸಬೇಡಿ.

ಉತ್ತರ 4

ಫೋನಿನ ವಿಷಯ. ‘ನೆಟ್‌ವರ್ಕ್ ಇಲ್ಲ’ ಅನ್ನೋದು ಇಡೀ ಕ್ಯಾಂಪೇನಿಗೆ ಒಂದೇ ಸಲ ನಡೆಯುತ್ತೆ. ಎರಡನೇ ಸಲ ಹೇಳಿದರೆ ಜಿಎಂ ಮೋಸ ಮಾಡ್ತಿದ್ದಾರೆ ಅನ್ನಿಸುತ್ತೆ. ಫೋನ್ ಕೆಲಸ ಮಾಡಲಿ, ಹೇಳೋದನ್ನೆಲ್ಲ ಸರಿಯಾಗೇ ಹೇಳಲಿ. ಮಗು ಎಲ್ಲಿದೆ ಅಂತ ಲೊಕೇಷನ್ ನೋಡಿದರೆ ನೀವು ನಿಂತಿರೋ ಜಾಗವನ್ನೇ ತೋರಿಸುತ್ತೆ, ಆದರೆ ಇಲ್ಲಿ ಮಗು ಇಲ್ಲ, ಕಾಲ ಕೆಳಗೆ ಕಾಂಕ್ರೀಟ್ ಇದೆ. ಭಯ ಹುಟ್ಟೋದು ಮಾಹಿತಿ ಸಿಗದೆ ಇದ್ದಾಗ ಅಲ್ಲ, ಸಿಕ್ಕ ಮಾಹಿತಿ ಸಹಿಸೋಕೆ ಆಗದೆ ಇದ್ದಾಗ.

ಸಿಸಿಟಿವಿಯನ್ನ ಗಡಿಯಾರದ ಥರ ಬಳಸಿ. ಅದರ ರೆಕಾರ್ಡರ್ (ಡಿವಿಆರ್) ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೇ ಹೊಸದು ಬರೆಯುತ್ತೆ. ‘ಸೆಕ್ಯೂರಿಟಿ ಕಾಣೆಯಾದ ರಾತ್ರಿಯ ಫುಟೇಜ್ ನಾಳೆ ಬೆಳಗ್ಗೆ ಅಳಿದುಹೋಗುತ್ತೆ’ ಅಂದರೆ ಅವರು ಇವತ್ತೇ ಅಸೋಸಿಯೇಷನ್ ಸೆಕ್ರೆಟರಿಯನ್ನ ಒಪ್ಪಿಸಬೇಕಾಗುತ್ತೆ.

ಪೊಲೀಸರಿಗೆ ಯಾಕೆ ಹೇಳಲ್ಲ ಅನ್ನೋ ಪ್ರಶ್ನೆಗೆ ಕ್ಯಾರೆಕ್ಟರ್ ಮಾಡುವಾಗಲೇ ಉತ್ತರ ಇರಬೇಕು. 112ಕ್ಕೆ ಫೋನ್ ಮಾಡಿದರೆ ಹೊಯ್ಸಳ ಗಾಡಿ ಬರಲಿ, ನೋಡಲಿ, ‘ಮನೆಬಿಟ್ಟು ಹೋಗಿರಬೇಕು’ ಅಂತ ದೂರು ಬರ್ಕೊಂಡು ಹೋಗಲಿ. ಪೊಲೀಸರನ್ನ ದಡ್ಡರು ಅಂತ ತೋರಿಸಬೇಡಿ. ಅವರ ಕಣ್ಣಿಗೆ ಕಾಣೋ ಲೋಕದಲ್ಲಿ ಅವರು ಸರಿಯಾಗೇ ಇದ್ದಾರೆ. ಇನ್ನೊಂದು ಮಾತು: ಮುಚ್ಚಿದ ಬಾಗಿಲಿನ ಒಳಗೆ ಹೋಗೋ ಹಕ್ಕು ಇರೋ ಉದ್ಯೋಗವನ್ನ ಕ್ಯಾರೆಕ್ಟರ್‌ಗಳಿಗೆ ಕೊಡಿ. ಬೆಸ್ಕಾಂ ಲೈನ್‌ಮನ್, ಆಂಬುಲೆನ್ಸ್ ಡ್ರೈವರ್, ವಾಟರ್‌ಮ್ಯಾನ್, ಕ್ರೈಮ್ ರಿಪೋರ್ಟರ್, ಸರ್ಕಾರಿ ಆಸ್ಪತ್ರೆ ನರ್ಸ್. ನಾಲ್ವರೂ ಸಾಫ್ಟ್‌ವೇರ್ ಎಂಜಿನಿಯರ್ ಆದರೆ ಮೊದಲ ಗೇಟಿನಲ್ಲೇ ನಿಲ್ತಾರೆ.

ಉತ್ತರ 5

ಮಾರಾಯ್ರೆ, ಒಂದು ವಿಷಯ ಯಾರೂ ಹೇಳಲಿಲ್ಲ. ಕಥೆ ಕರಾವಳಿಗೆ ಬಂದರೆ ದೈವಗಳನ್ನು ‘ಮಾನ್‌ಸ್ಟರ್’ ಮಾಡಿ ಹಾರ್ಮ್ (ಏಟಿನ) ಅಂಕಿ ಬರೆಯಬೇಡಿ. ಕೋಲ, ನೇಮ ಇವತ್ತಿಗೂ ಮನೆಮನೆಯ ನಂಬಿಕೆ. ಟೇಬಲ್‌ನಲ್ಲಿ ಕೂತವರ ಮನೆಯದ್ದೇ ಇರಬಹುದು. ಮೋಹಿನಿ, ಬ್ರಹ್ಮರಾಕ್ಷಸ, ಕೊಳ್ಳಿದೆವ್ವ, 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಬರೆಸಿದ ಆ ವದಂತಿ, ಇಷ್ಟೇ ವರ್ಷಗಟ್ಟಲೆ ಸಾಕಾಗ್ತದೆ. ‘ನಾಳೆ ಬಾ’ದಲ್ಲಿ ಆಟದ ನಿಯಮವೇ ಉಂಟಲ್ಲ: ಬಾಗಿಲು ಬಡಿಯುವ ದೆವ್ವ ಬರೆದದ್ದನ್ನು ಓದ್ತದೆ, ನಂಬ್ತದೆ, ವಾಪಸ್ ಹೋಗ್ತದೆ. ಬರಹ ಅಳಿಸಿದರೆ? ಬಾಗಿಲೇ ಇಲ್ಲದ ಕಡೆ ಮಲಗುವವರ ಗತಿ? ಎರಡು ಸೆಷನ್ ಅಲ್ಲಿಯೇ ಸಿಕ್ಕಿತು.

ಸೆಷನ್ ಝೀರೊದಲ್ಲಿ (ಆಟಕ್ಕೆ ಮೊದಲು ಎಲ್ಲ ಕೂತು ಮಾತಾಡಿಕೊಳ್ಳುವ ಸೆಷನ್) ಒಂದು ಹಾಳೆ ಸುತ್ತಿಸಿ. ಆಟದಲ್ಲಿ ಬರಲೇಬಾರದ್ದು ಒಂದು ಸಾಲು, ಬಂದರೂ ವಿವರಿಸದೆ ದಾಟಿಸಬೇಕಾದ್ದು ಇನ್ನೊಂದು ಸಾಲು. ಹೆಸರು ಬರೆಯುವುದು ಬೇಡ. ನಮ್ಮ ದೆವ್ವದ ಕಥೆಗಳಲ್ಲಿ ಜಾತಿ, ಬಾಣಂತಿ ಸಾವು, ಆತ್ಮಹತ್ಯೆ ಸುಮ್ಮನೆ ನುಸುಳಿ ಬರ್ತವೆ, ಹಾಗಾಗಿ ಈ ಮೂರನ್ನು ಬಾಯಿಬಿಟ್ಟು ಕೇಳಿ. ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವ ದೃಶ್ಯ ದಯವಿಟ್ಟು ಬೇಡ. ಹೊರಗೆ ನಿಜವಾಗಿ ನಡೆಯುವ ಹಿಂಸೆ ಅದು, ಕರ್ನಾಟಕದ 2017ರ ಕಾಯ್ದೆ ಪ್ರಕಾರ ಅಪರಾಧ. ಆಟದೊಳಗೆ ಯಾರಾದರೂ ಹಾಗೆ ಮಾಡಿದರೆ ಕೇಸ್ ಬೀಳಲಿ. ಆಟದ ನಡುವೆ ನಿಲ್ಲಿಸಬೇಕಾದರೆ ಟೇಬಲ್ ಮೇಲೆ ‘ಎಕ್ಸ್’ ಬರೆದ ಕಾರ್ಡ್ ಇಡಿ. ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಡುವುದು, ಕಾರಣ ಕೇಳುವುದಿಲ್ಲ.

ಕೇಳಿದವರು ಮತ್ತೆ

ತುಂಬಾ ಉಪಕಾರ ಆಯ್ತು. ಕೆರೆ ಕಥೆ ಹಾಗೇ ತಗೋತೀನಿ. ಮೂರು ಗಂಟೆಯನ್ನ ಹೇಗೆ ಹಂಚಲಿ? ವಿಡಿಯೊದಲ್ಲಿ ಇರೋಳನ್ನ ಹೇಗೆ ಸೇರಿಸಿಕೊಳ್ಳಲಿ?

ಉತ್ತರ 6

ಸೆಷನ್ ಝೀರೊಗೆ ಒಂದು ಭಾನುವಾರ ಪೂರ್ತಿ ಇಡ್ರಿ. ಆಮೇಲೆ ಈ ಕಥಿಗೆ ಎರಡು ಸೆಷನ್ ಸಾಕು. ಮೊದಲ ಹತ್ತು ನಿಮಿಷದಾಗ ಚಪ್ಪಲಿ ಕಾಣಬೇಕು, ಪೀಠಿಕಿ ಬ್ಯಾಡ. ಮುಂದ ಒಂದೂಕಾಲು ತಾಸು ತನಿಖೆ, ಹತ್ತು ನಿಮಿಷ ಚಾ, ಮತ್ತ ಒಂದು ತಾಸು ಆಟ. ಕಡೀ ಕಾಲು ತಾಸು ಎಕ್ಸ್‌ಪೀರಿಯೆನ್ಸ್ ಲೆಕ್ಕಕ್ಕ, ‘ಮುಂದಿನ ವಾರ ಮೊದಲು ಎಲ್ಲಿಗೆ ಹೋಗ್ತೀರಿ’ ಅಂತ ಕೇಳಾಕ. ಆ ಉತ್ತರ ಸಿಕ್ಕರ ನಿಮ್ಮ ತಯಾರಿ ಅರ್ಧ ಕಮ್ಮಿ ಆಗತೈತಿ. ಒಂದೇ ಸಲ ಇಪ್ಪತ್ತು ಸೆಷನ್ ಯೋಜನಾ ಹಾಕಬ್ಯಾಡ್ರಿ. ಒಂದು ಕಥಿ ಮುಗಿಸಿ, ಉಳಿದ ಎಳಿ ಹಿಡಕೊಂಡು ಇನ್ನೊಂದು ಕಟ್ರಿ.

ವಿಡಿಯೊದಾಕೀಗೆ ಲ್ಯಾಪ್‌ಟಾಪ್ ಒಂದು ಕುರ್ಚಿ ಮ್ಯಾಲ ಇಡ್ರಿ, ಮೈಕ್ ಮಾತ್ರ ಟೇಬಲ್ ನಡುವ. ಕೋಣಿಯೊಳಗ ಎರಡು ಸಾಧನದ ಮೈಕ್ ಚಾಲೂ ಇದ್ದರ ದನಿ ತಿರುಗಿ ಕೇಳಿಸ್ತದ. ಕಾಗದದ ಫೋಟೊ ಎಲ್ಲರಿಗೂ ಕೊಡೂ ಹೊತ್ತಿಗೇ ಆಕೀಗೂ ವಾಟ್ಸ್‌ಆ್ಯಪ್ ಮಾಡ್ರಿ, ಡೈಸ್ ಆಕಿನ ಹಾಕಿ ಹೇಳಲಿ. ಜರ್ಮನಿ ನಮಗಿಂತ ಬೇಸಿಗಿಯಾಗ ಮೂರೂವರೆ ತಾಸು, ಚಳಿಗಾಲದಾಗ ನಾಲ್ಕೂವರೆ ತಾಸು ಹಿಂದ. ಮಾರ್ಚ್ ಕಡೀ ಭಾನುವಾರ, ಅಕ್ಟೋಬರ್ ಕಡೀ ಭಾನುವಾರ ಅಲ್ಲಿ ಗಡಿಯಾರ ಬದಲಾಗ್ತದ, ನಿಮ್ಮ ಆಟದ ದಿನಾನೂ ಭಾನುವಾರನ. ಆ ಎರಡು ದಿನ ಮೊದಲ ಟೈಮ್ ಹೇಳಿಕೊಂಡಿರ್ರಿ.